ಹಳೇ ಕ್ಯಾಸೆಟ್‌ಗೆ ವಾರಸುದಾರರು ಯಾರು? ಮೆಂಫಿಸ್ ಜೋಡಿಯೊಂದರ ಮಿಕ್ಸ್‌ಟೇಪ್ ಮತ್ತು ಅದರ ಮರುಬಿಡುಗಡೆ

ಅಮೆರಿಕದ ಮೆಂಫಿಸ್ ನಗರದಲ್ಲಿ 1994ರಲ್ಲಿ ಒಂದು ಕ್ಯಾಸೆಟ್ ಕೈಯಿಂದ ಕೈಗೆ ಓಡಾಡತೊಡಗಿತು. ಹೆಸರು ‘ಕಮ್ ವಿತ್ ಮಿ ಟು ಹೆಲ್, ಭಾಗ 1’. ಮಾಡಿದವರು ಡಿಜೆ ಪಾಲ್ ಮತ್ತು ಲಾರ್ಡ್ ಇನ್‌ಫೇಮಸ್. ಇಬ್ಬರೂ ಮಲಸಹೋದರರು. ವಯಸ್ಸು ಇಪ್ಪತ್ತರ ಆಸುಪಾಸು. ಬೆನ್ನಿಗೆ ದೊಡ್ಡ ಕಂಪನಿ ಇರಲಿಲ್ಲ. ಹಾಡುಗಳಲ್ಲಿ ಇದ್ದದ್ದು ಕೊಲೆ, ಸೈತಾನ, ಮಾದಕ ವಸ್ತು, ಬೀದಿ ಹಗೆ. ಹಾರರ್ ಸಿನಿಮಾದ ಭಯವನ್ನು ರ‍್ಯಾಪ್‌ಗೆ ತಂದ ಶೈಲಿ ಇದು. ಕೇಳಿದವರೆಲ್ಲ ಮೆಚ್ಚುತ್ತಾರೆ ಅಂತ ಹೇಳಲಾರೆ. ಕೆಲವು ಸಾಲುಗಳಿಗೆ ಈಗಲೂ ಮುಖ ಕಿವುಚಬೇಕಾಗುತ್ತದೆ.

ಇದೇ ಇಬ್ಬರು ಜೂಸಿ ಜೆ ಜೊತೆ ಸೇರಿ ಕಟ್ಟಿದ ಥ್ರೀ ಸಿಕ್ಸ್ ಮಾಫಿಯಾ ತಂಡ ಮುಂದೆ ದೇಶಕ್ಕೆಲ್ಲ ಗೊತ್ತಾಯಿತು. 2006ರಲ್ಲಿ ಪಾಲ್, ಜೂಸಿ ಜೆ ಮತ್ತು ಫ್ರೇಸರ್ ಬಾಯ್ ‘ಹಸಲ್ ಅಂಡ್ ಫ್ಲೋ’ ಸಿನಿಮಾದ ಹಾಡಿಗೆ ಆಸ್ಕರ್ ಪಡೆದರು. ಆದರೆ ಆ ಮೊದಲಿನ ಕ್ಯಾಸೆಟ್ ಮಾತ್ರ ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗುವ ವಸ್ತುವಾಗಿರಲಿಲ್ಲ. ಯಾರದೋ ಡಬ್ಬಿಯಲ್ಲಿ ಉಳಿದ ಪ್ರತಿ, ಅದರ ನಕಲು, ಆ ನಕಲಿನ ಎಂಪಿತ್ರೀ. ಹೀಗೇ ಅದು ಬದುಕಿತು. 2010ರ ದಶಕದಲ್ಲಿ ರೀಮಾಸ್ಟರ್ ಆದ, ಅಂದರೆ ಸದ್ದನ್ನು ತಿದ್ದಿ ಹೊಸದಾಗಿ ಸಿದ್ಧಪಡಿಸಿದ, ಆವೃತ್ತಿ ಇಬ್ಬರ ಹೆಸರಿನಲ್ಲೂ ಹೊರಬಂತು.

ಇಂಥ ಮರುಬಿಡುಗಡೆ ಬಂದಾಗ ಕೇಳುಗರು ಮೊದಲು ಕೇಳುವ ಪ್ರಶ್ನೆ ಒಂದೇ: ಸದ್ದು ಹಳೇದಕ್ಕಿಂತ ಚೆನ್ನಾಗಿದೆಯಾ? ನನಗೆ ಅದು ಎರಡನೇ ಪ್ರಶ್ನೆ. ಸುಮ್ನೆ ಊರೂರು ಅಲೆಯುತ್ತಿದ್ದ ಒಂದು ಧ್ವನಿಮುದ್ರಣಕ್ಕೆ ಹೆಸರು, ದಾಖಲೆ, ಹಣ ಹೋಗಬೇಕಾದ ವಿಳಾಸ ಸಿಕ್ಕಿದ್ದು ದೊಡ್ಡ ಸಂಗತಿ. ಅದಕ್ಕಾಗಿಯೇ ಈ ಪ್ರಕರಣವನ್ನು ಇಲ್ಲಿ ಬಿಡಿಸಿ ನೋಡಿದ್ದೇನೆ.

ಊರು ಮತ್ತು ವ್ಯಾಪಾರ

ಮೆಂಫಿಸ್ ಅಂದರೆ ಸಂಗೀತದ ಊರು. ಸನ್ ರೆಕಾರ್ಡ್ಸ್, ಸ್ಟ್ಯಾಕ್ಸ್, ಹೈ ರೆಕಾರ್ಡ್ಸ್ ಅನ್ನುವ ಹೆಸರಾಂತ ರೆಕಾರ್ಡ್ ಕಂಪನಿಗಳೆಲ್ಲ ಅಲ್ಲಿಯವೇ. ಆದರೆ 1980ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ರ‍್ಯಾಪ್ ಹುಡುಗರಿಗೆ ಆ ಹಳೆಯ ಹೆಸರುಗಳಿಂದ ನೇರ ಲಾಭ ಏನೂ ಇರಲಿಲ್ಲ. ರ‍್ಯಾಪ್‌ನ ದೊಡ್ಡ ಕಂಪನಿಗಳು ಇದ್ದದ್ದು ನ್ಯೂಯಾರ್ಕ್ ಮತ್ತು ಲಾಸ್ ಏಂಜಲಿಸ್‌ನಲ್ಲಿ.

ಹಾಗಾಗಿ ಊರಿನ ಕ್ಲಬ್ ಡಿಜೆಗಳೇ ದಾರಿ ತೋರಿಸಿದರು. ಡಿಜೆ ಸ್ಪ್ಯಾನಿಷ್ ಫ್ಲೈ ಅವರಲ್ಲಿ ಮುಖ್ಯರು. ಕ್ಲಬ್‌ನಲ್ಲಿ ನುಡಿಸಿದ ಮಿಶ್ರಣವನ್ನು ಕ್ಯಾಸೆಟ್‌ಗೆ ಹಾಕಿ ಮಾರುವುದು, ನಡುವೆ ತಮ್ಮದೇ ಒಂದೆರಡು ಹಾಡು ತೂರಿಸುವುದು. ಜನ ಆ ಹಾಡುಗಳನ್ನೇ ಕೇಳತೊಡಗಿದ ಮೇಲೆ ಅವೇ ಜಾಸ್ತಿಯಾದವು, ಬೇರೆಯವರ ಹಾಡು ಕಡಿಮೆಯಾದವು. ಪಾಲ್, ಜೂಸಿ ಜೆ, ಡಿಜೆ ಸ್ಕ್ವೀಕಿ ಮೊದಲಾದವರು ಈ ದಾರಿಯಲ್ಲೇ ಬಂದವರು. ‘ಮಿಕ್ಸ್‌ಟೇಪ್’ ಅಂತ ಕರೆದರೂ ‘ಕಮ್ ವಿತ್ ಮಿ ಟು ಹೆಲ್’ ಬರುವ ಹೊತ್ತಿಗೆ ಅದು ಬೇರೆಯವರ ಹಾಡುಗಳ ಸರಮಾಲೆ ಆಗಿರಲಿಲ್ಲ. ಇಬ್ಬರು ಕೂತು ಮಾಡಿದ ಪೂರ್ತಿ ಆಲ್ಬಮ್ಮೇ ಆಗಿತ್ತು.

ಮಾರಾಟ ಹೇಗೆ? ಶಾಲೆಯ ಹುಡುಗರ ನಡುವೆ, ಕಾರ್ ಸ್ಟೀರಿಯೊ ಕೂರಿಸುವ ಅಂಗಡಿಗಳಲ್ಲಿ, ಕಾರಿನ ಡಿಕ್ಕಿಯಿಂದ. ಕಾರ್ ಸ್ಟೀರಿಯೊ ಅಂಗಡಿ ಇಲ್ಲಿ ಮುಖ್ಯ. ಹೊಸ ಸಬ್‌ವೂಫರ್ ಹಾಕಿಸಿಕೊಂಡವನಿಗೆ ಅದನ್ನು ಪರೀಕ್ಷಿಸಲು ಒಂದು ಕ್ಯಾಸೆಟ್ ಬೇಕು ತಾನೇ? ಅಲ್ಲೇ ಗಲ್ಲಾದ ಮೇಲೆ ಅದು ಸಿಗುತ್ತಿತ್ತು. ರಸೀದಿ ಇಲ್ಲ, ಬಾರ್‌ಕೋಡ್ ಇಲ್ಲ, ಎಷ್ಟು ಪ್ರತಿ ಹೋಯಿತು ಅನ್ನುವ ಲೆಕ್ಕ ಯಾವ ಪಟ್ಟಿಗೂ ಸೇರುತ್ತಿರಲಿಲ್ಲ. ಹಣ ಅಂದೇ ಕೈಗೆ ಬರುತ್ತಿತ್ತು. ಆ ವಯಸ್ಸಿಗೆ ಅದೇ ಸಾಕು. ಈ ವ್ಯವಸ್ಥೆಯ ಗುಣ, ದೋಷ ಎರಡೂ ಅಲ್ಲೇ ಇದ್ದವು: ಯಾರ ಅನುಮತಿಯೂ ಬೇಕಿರಲಿಲ್ಲ, ಯಾವ ದಾಖಲೆಯೂ ಉಳಿಯಲಿಲ್ಲ.

ಮರುವರ್ಷ, 1995ರಲ್ಲಿ, ತಂಡದ ‘ಮಿಸ್ಟಿಕ್ ಸ್ಟೈಲ್ಸ್’ ಬಂದಾಗ ಚಿತ್ರ ಬದಲಾಯಿತು. ಅದಕ್ಕೆ ಪ್ರಾಫೆಟ್ ಎಂಟರ್‌ಟೈನ್‌ಮೆಂಟ್ ಅನ್ನುವ ಲೇಬಲ್ ಇತ್ತು. ಹಂಚಿಕೆಗೆ ಮೆಂಫಿಸ್‌ನದೇ ಸೆಲೆಕ್ಟ್-ಓ-ಹಿಟ್ಸ್ ಇತ್ತು. ಸನ್ ರೆಕಾರ್ಡ್ಸ್‌ನ ಸ್ಯಾಮ್ ಫಿಲಿಪ್ಸ್ ಅವರ ಅಣ್ಣ ಟಾಮ್ ಫಿಲಿಪ್ಸ್ 1960ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಅಂದರೆ ‘ಮಿಸ್ಟಿಕ್ ಸ್ಟೈಲ್ಸ್’ಗೆ ಮೊದಲ ದಿನದಿಂದಲೇ ಕಾಗದಪತ್ರ ಇತ್ತು. ಒಂದೇ ವರ್ಷ ಹಿಂದಿನ ಕ್ಯಾಸೆಟ್‌ಗೆ ಆ ಭಾಗ್ಯ ಇರಲಿಲ್ಲ.

ಸದ್ದು ಕಟ್ಟಿದ ರೀತಿ

ಮರುಬಿಡುಗಡೆಯ ತೊಡಕು ಅರ್ಥವಾಗಬೇಕಾದರೆ ಸದ್ದು ಎಲ್ಲಿಂದ ಬಂತು ಅಂತ ನೋಡಬೇಕು.

ಆ ಕಾಲದ ಮನೆ ಸ್ಟುಡಿಯೊಗಳ ಬೆನ್ನೆಲುಬು ನಾಲ್ಕು ಟ್ರ್ಯಾಕ್‌ನ ಕ್ಯಾಸೆಟ್ ರೆಕಾರ್ಡರ್. ಅಂದರೆ ನಾಲ್ಕು ಸದ್ದುಗಳನ್ನು ಬೇರೆಬೇರೆಯಾಗಿ ತುಂಬಿ ಆಮೇಲೆ ಕೂಡಿಸಬಲ್ಲ ಯಂತ್ರ. ಟಾಸ್ಕಾಮ್ ಕಂಪನಿ 1979ರಲ್ಲಿ ಇಂಥ ಮೊದಲ ಯಂತ್ರ ತಂದಿತು. ಮಾಮೂಲಿ ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಿದರೆ ಈ ಯಂತ್ರಗಳಲ್ಲಿ ಹೆಚ್ಚಿನವು ಅದರ ಎರಡರಷ್ಟು ವೇಗದಲ್ಲಿ ಓಡಿಸುತ್ತಿದ್ದವು. ಎರಡೂ ಬದಿಯ ಜಾಗವನ್ನು ಒಂದೇ ದಿಕ್ಕಿನಲ್ಲಿ ಬಳಸಿ ನಾಲ್ಕು ಟ್ರ್ಯಾಕ್ ಮಾಡುತ್ತಿದ್ದವು. ಆ ಟೇಪನ್ನು ಮನೆಯ ಡೆಕ್‌ಗೆ ಹಾಕಿದರೆ ಅರ್ಧ ವೇಗದಲ್ಲಿ ಎರಡು ಟ್ರ್ಯಾಕ್ ಮಾತ್ರ ಕೇಳುತ್ತದೆ. ತಿರುಗಿಸಿ ಹಾಕಿದರೆ ಉಳಿದೆರಡು ಹಿಂದುಮುಂದಾಗಿ ಬರುತ್ತವೆ. ಹಾಗಾಗಿ ನಾಲ್ಕು ಟ್ರ್ಯಾಕ್‌ನ ಮೂಲ ಟೇಪು ಮನೆಯಲ್ಲಿ ಯಾರಿಗಾದರೂ ಸಿಕ್ಕರೂ ಅದು ಕೆಟ್ಟುಹೋಗಿದೆ ಅಂತ ಎಸೆಯುವ ಸಾಧ್ಯತೆ ಜಾಸ್ತಿ. ಹಳೇ ಮಾಸ್ಟರ್‌ಗಳು ಕಳೆದುಹೋಗುವ ದಾರಿಗಳಲ್ಲಿ ಇದೂ ಒಂದು.

ಡ್ರಮ್ ವಿಷಯಕ್ಕೆ ಬಂದರೆ ಮೆಂಫಿಸ್ ಶೈಲಿಯ ಗುರುತು ರೋಲ್ಯಾಂಡ್ ಟಿಆರ್-808. 1980ರಿಂದ 1983ರವರೆಗೆ ಮಾತ್ರ ತಯಾರಾದ ಯಂತ್ರ. ಅದರ ಕೌಬೆಲ್ (ದನದ ಕೊರಳಗಂಟೆಯಂಥ) ಸದ್ದು 540 ಮತ್ತು 800 ಹರ್ಟ್ಸ್‌ನ ಎರಡು ಚೌಕ ಅಲೆಗಳಿಂದ ಹುಟ್ಟುತ್ತದೆ. ಇದು ಸುಮ್ನೆ ತಾಂತ್ರಿಕ ವಿವರ ಅಲ್ಲ. ಸಾದಾ ಕ್ಯಾಸೆಟ್‌ನಲ್ಲಿ ಮೇಲಿನ ಸ್ವರಗಳು ಬೇಗ ಮಂಕಾಗುತ್ತವೆ. ಸಿಂಬಲ್, ಹೈಹ್ಯಾಟ್ ಅನ್ನುವ ಲೋಹದ ತಾಳಗಳ ಸದ್ದು ನಕಲಾದಂತೆಲ್ಲ ಮಸುಕು. ಆದರೆ 540, 800 ಹರ್ಟ್ಸ್ ಅಂದರೆ ನಡುಮಟ್ಟದ ಸ್ವರ. ಎಷ್ಟು ಸಲ ನಕಲು ಮಾಡಿದರೂ, ಎಂಥ ಕೆಟ್ಟ ಸ್ಪೀಕರ್‌ನಲ್ಲಿ ಹಾಕಿದರೂ ಅದು ಉಳಿಯುತ್ತದೆ. ಮೆಂಫಿಸ್ ಕ್ಯಾಸೆಟ್ ಅಂದಕೂಡಲೇ ಎಲ್ಲರ ಕಿವಿಯಲ್ಲೂ ಕೌಬೆಲ್ ಮೊದಲು ಮೊಳಗುವುದಕ್ಕೆ ಇದೂ ಒಂದು ಕಾರಣ ಅನ್ನುವುದು ನನ್ನ ಅನಿಸಿಕೆ.

ಇದರ ಮೇಲೆ ಲಾರ್ಡ್ ಇನ್‌ಫೇಮಸ್ ಅವರ ಗಾಯನ. ಒಂದು ಬೀಟಿಗೆ ಮೂರು ಅಕ್ಷರ ಕೂರಿಸಿ, ಉರುಳುತ್ತಾ ಹೋಗುವ ನಡೆ. ಬೀಟು ನಿಧಾನ, ಬಾಯಿ ವೇಗ. ಈ ಮೂರಕ್ಷರದ ಲಯವನ್ನು ರ‍್ಯಾಪ್‌ನಲ್ಲಿ ನೆಲೆಯೂರಿಸಿದ ಮೊದಲಿಗರಲ್ಲಿ ಅವರು ಒಬ್ಬರು. 2013ರ ಸುಮಾರಿಗೆ ಅಟ್ಲಾಂಟಾದ ಮಿಗೋಸ್ ತಂಡ ಇದೇ ಬಗೆಯ ಲಯದಿಂದ ಹೆಸರಾದಾಗ, ಹಳೇ ಕೇಳುಗರು ಮೆಂಫಿಸ್ ಕಡೆ ಬೆರಳು ತೋರಿಸಿದರು. ತೋರಿಸಿದ್ದು ಸರಿಯೇ.

ಇನ್ನು ಸ್ಯಾಂಪಲ್‌ಗಳು. ಮೆಂಫಿಸ್‌ನ ಸೋಲ್ ಹಾಡುಗಳಿಂದ, ಹಾರರ್ ಸಿನಿಮಾಗಳ ಹಿನ್ನೆಲೆ ಸಂಗೀತದಿಂದ ತುಣುಕು ಕತ್ತರಿಸಿ ಸುತ್ತಿಸುವುದು ಆ ಊರಿನ ಕ್ಯಾಸೆಟ್‌ಗಳಲ್ಲಿ ಮಾಮೂಲು. ಅನುಮತಿ ಕೇಳುವ ರೂಢಿ ಇರಲಿಲ್ಲ. ಕಾರಿನ ಡಿಕ್ಕಿಯಿಂದ ಮಾರುವ ಕ್ಯಾಸೆಟ್ಟಿಗೆ ವಕೀಲರನ್ನು ಯಾರು ಹಿಡಿಯುತ್ತಾರೆ? ಆದರೆ ಅದೇ ಕ್ಯಾಸೆಟ್ ಇಪ್ಪತ್ತು ವರ್ಷ ಬಿಟ್ಟು ಲೋಕಕ್ಕೆಲ್ಲ ಸಿಗುವ ಕಡತವಾದಾಗ ಈ ಪ್ರಶ್ನೆ ಎದ್ದು ಕೂರುತ್ತದೆ.

ನಕಲಿನ ನಕಲು

1994ರ ನಂತರ ಕ್ಯಾಸೆಟ್‌ಗೆ ಏನಾಯಿತು ಅನ್ನುವುದನ್ನು ಮೂರು ಹಂತವಾಗಿ ನೋಡಬಹುದು.

ಮೊದಲನೆಯದು ಊರೊಳಗಿನ ನಕಲು. ಎರಡು ಡೆಕ್‌ನ ಸ್ಟೀರಿಯೊ ಇದ್ದವರೆಲ್ಲ ಪ್ರತಿ ತೆಗೆದರು. ಒಂದು ಟೇಪಿನಿಂದ ಅದೇ ದರ್ಜೆಯ ಇನ್ನೊಂದಕ್ಕೆ ನಕಲು ಮಾಡಿದರೆ ಹಳೆಯ ಹಿಸ್ (ಟೇಪಿನ ‘ಸ್ಸ್’ ಅನ್ನುವ ಗದ್ದಲ) ಜೊತೆ ಹೊಸ ಹಿಸ್ ಕೂಡುತ್ತದೆ, ಹೆಚ್ಚುಕಡಿಮೆ 3 ಡೆಸಿಬಲ್ ಏರುತ್ತದೆ. ಮುಂದಿನ ನಕಲಿಗೆ ಇನ್ನಷ್ಟು. ಡಬಲ್ ಸ್ಪೀಡ್ ಬಟನ್ ಒತ್ತಿ ನಕಲು ಮಾಡಿದರೆ ಮೇಲಿನ ಸ್ವರಗಳು ಇನ್ನೂ ಬೇಗ ಸಾಯುತ್ತವೆ. ಒಂದು ಡೆಕ್ ಸ್ವಲ್ಪ ವೇಗವಾಗಿ, ಇನ್ನೊಂದು ನಿಧಾನವಾಗಿ ಓಡಿದರೆ ಶ್ರುತಿಯೇ ಬದಲಾಗುತ್ತದೆ. ವೇಗದಲ್ಲಿ ನೂರಕ್ಕೆ 3ರಷ್ಟು ವ್ಯತ್ಯಾಸ ಅಂದರೆ ಸುಮಾರು ಅರ್ಧ ಸೆಮಿಟೋನ್, ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರದಲ್ಲಿ ಅರ್ಧ. ಹಾಗಾಗಿ ಇಬ್ಬರು ಕೇಳುಗರು ‘ಒಂದೇ ಹಾಡು’ ಅಂತ ಹೇಳಿದರೂ ಅವರ ಕಿವಿಗೆ ಬಿದ್ದದ್ದು ಎರಡು ಬೇರೆ ಶ್ರುತಿಯ ಹಾಡು.

ಎರಡನೇ ಹಂತ 1999ರಿಂದ. ಅದಕ್ಕೆ ಎರಡು ವರ್ಷ ಮೊದಲು ಬಂದ ತಂಡದ ಆಲ್ಬಮ್ ಗೋಲ್ಡ್ ದರ್ಜೆ ಮುಟ್ಟಿತು, ಹೊಸ ಕೇಳುಗರು ಹಳೆಯದನ್ನು ಹುಡುಕುತ್ತಿದ್ದರು. ಆಗ ‘ಅಂಡರ್‌ಗ್ರೌಂಡ್’ ಅನ್ನುವ ಹೆಸರಿನಲ್ಲಿ ಹಳೇ ಕ್ಯಾಸೆಟ್ ಹಾಡುಗಳನ್ನು ಆಯ್ದು ಸಿಡಿ ಮಾಡಿದರು. ಮೊದಲ ಸಂಪುಟದ ಹೆಸರಿನಲ್ಲೇ 1991–1994 ಅಂತ ಇದೆ. ಎರಡನೆಯದು ಅದೇ ವರ್ಷ, ಮೂರನೆಯದು 2000ದಲ್ಲಿ. ತಂಡದ ಇನ್ನೊಬ್ಬ ಸದಸ್ಯ ಕೂಪ್‌ಸ್ಟಾ ನಿಕ್ಕಾ ಕೂಡ 1994ರ ತಮ್ಮ ಕ್ಯಾಸೆಟ್ಟನ್ನು 1999ರಲ್ಲಿ ಮತ್ತೆ ತಂದರು. ಇದು ಒಳ್ಳೇ ಕೆಲಸವೇ. ಆದರೆ ಆಯ್ಕೆ ಮಾಡಿದಾಗ ಕ್ಯಾಸೆಟ್ಟಿನ ಓಟ ಮುರಿಯುತ್ತದೆ. ಎ ಬದಿ ಹೇಗೆ ಶುರುವಾಗಿ ಹೇಗೆ ಮುಗಿಯುತ್ತದೆ, ಹಾಡಿನ ನಡುವೆ ಯಾವ ಮಾತು ಬರುತ್ತದೆ, ಬಿ ಬದಿಗೆ ಯಾವುದನ್ನು ಉಳಿಸಿಕೊಂಡರು, ಇದೆಲ್ಲ ಸಂಕಲನದಲ್ಲಿ ಹೋಯಿತು. ಆಯ್ದ ಹಾಡುಗಳ ಸಿಡಿಯನ್ನು ನಾನು ಮರುಬಿಡುಗಡೆ ಅಂತ ಒಪ್ಪಲಾರೆ.

ಮೂರನೇ ಹಂತವೇ ಎಲ್ಲಕ್ಕಿಂತ ದೊಡ್ಡದು. ಇಂಟರ್‌ನೆಟ್ಟಿಗೆ ಟೇಪಿನ ನಕಲುಗಳು ಬಂದವು. 2010ರ ಆಸುಪಾಸಿನಲ್ಲಿ ಮಯಾಮಿಯ ಸ್ಪೇಸ್‌ಗೋಸ್ಟ್‌ಪರ್ಪ್‌ನಂಥವರು ಮೆಂಫಿಸ್ ಸದ್ದನ್ನು ಮತ್ತೆ ಎತ್ತಿಕೊಂಡರು. ಅದರಿಂದ ‘ಫೋಂಕ್’ ಅನ್ನುವ ಪ್ರಕಾರ ಬೆಳೆಯಿತು. ಹಳೇ ಮೆಂಫಿಸ್ ಗಾಯನದ ಒಂದೆರಡು ಸಾಲು, ಸುತ್ತಲೂ ಹಿಸ್, ಮೇಲೆ ಕೌಬೆಲ್. ಮುಂದೆ ಅದರ ಒಂದು ಕವಲು ರಷ್ಯಾದ ಹುಡುಗರ ಕೈಯಲ್ಲಿ ಕಾರ್ ಡ್ರಿಫ್ಟಿಂಗ್ ವಿಡಿಯೊಗಳ ಸಂಗೀತವೇ ಆಗಿಹೋಯಿತು. ಮೂಲ ಧ್ವನಿ ಯಾರದು ಅಂತ ಗೊತ್ತೇ ಇಲ್ಲದೆ ಅದನ್ನು ಕೋಟಿಗಟ್ಟಲೆ ಜನ ಕೇಳಿದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಕೆಲಸ ಮಾಡಿದೆ. ಕವರ್ ಮೇಲೆ ಕಾಪಿರೈಟ್ ಗುರುತು ಇಲ್ಲ, ಅಂಗಡಿಯಲ್ಲಿ ಸಿಗಲ್ಲ, ಆದ್ದರಿಂದ ಯಾರದ್ದೂ ಅಲ್ಲ ಅನ್ನುವ ಭಾವನೆ. ಅಮೆರಿಕದ ಕಾನೂನಿನಲ್ಲಿ 1989ರ ಮಾರ್ಚ್‌ನಿಂದ ಆ ಗುರುತು ಕಡ್ಡಾಯ ಅಲ್ಲ. ಧ್ವನಿ ಟೇಪಿಗೆ ಬಿದ್ದ ಕ್ಷಣದಿಂದ ಹಕ್ಕು ಹುಟ್ಟುತ್ತದೆ. ಅಂದರೆ 1994ರ ಆ ಕ್ಯಾಸೆಟ್ ಒಂದು ದಿನವೂ ಅನಾಥವಾಗಿರಲಿಲ್ಲ. ಹಾಗೆ ಕಾಣುತ್ತಿತ್ತು, ಅಷ್ಟೆ.

2020ರಲ್ಲಿ ಡಿಜೆ ಪಾಲ್ ಮತ್ತು ಜೂಸಿ ಜೆ ಕಡೆಯಿಂದ ನ್ಯೂ ಆರ್ಲಿಯನ್ಸ್‌ನ ಸೂಯಿಸೈಡ್‌ಬಾಯ್ಸ್ ಜೋಡಿಯ ಮೇಲೆ ದಾವೆ ಬಿತ್ತು. ಥ್ರೀ ಸಿಕ್ಸ್ ಮಾಫಿಯಾದ ಧ್ವನಿಯನ್ನು ಅನುಮತಿ ಇಲ್ಲದೆ ಹತ್ತಾರು ಹಾಡುಗಳಲ್ಲಿ ಬಳಸಿದ್ದಾರೆ ಅನ್ನುವುದು ಆರೋಪ. ಕೇಳಿದ ಮೊತ್ತ 60 ಲಕ್ಷ ಡಾಲರಿಗೂ ಜಾಸ್ತಿ. ಆ ಜೋಡಿಯೂ ಪ್ರತಿದಾವೆ ಹೂಡಿತು. ಯಾರ ಪಕ್ಷ ಸರಿ ಅನ್ನುವುದಕ್ಕಿಂತ ನನಗೆ ಮುಖ್ಯ ಅನಿಸಿದ್ದು ಬೇರೆ. ಹಳೇ ಧ್ವನಿಗೆ ಇಷ್ಟು ಬೆಲೆ ಕಟ್ಟುವ ಕಾಲ ಬಂದಾಗ, ಆ ಧ್ವನಿಯ ದಾಖಲೆ ಯಾರ ಕೈಯಲ್ಲಿದೆ ಅನ್ನುವುದೇ ಮೊದಲ ಪ್ರಶ್ನೆಯಾಗುತ್ತದೆ.

ತೊಳೆಯುವ ಕೆಲಸ

ಲಾರ್ಡ್ ಇನ್‌ಫೇಮಸ್ 2013ರ ಡಿಸೆಂಬರ್ 20ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 40. ಅದಕ್ಕೆ ಸ್ವಲ್ಪ ಮೊದಲಷ್ಟೇ ಹಳೇ ತಂಡದವರು ‘ಡ ಮಾಫಿಯಾ ಸಿಕ್ಸ್’ ಅನ್ನುವ ಹೆಸರಿನಲ್ಲಿ ಮತ್ತೆ ಒಂದಾಗಿದ್ದರು. 2015ರಲ್ಲಿ ಕೂಪ್‌ಸ್ಟಾ ನಿಕ್ಕಾ, 2023ರ ಹೊಸ ವರ್ಷದ ದಿನ ತಂಡದ ಗಾಯಕಿ ಗ್ಯಾಂಗ್‌ಸ್ಟಾ ಬೂ ಹೋದರು. ಹಳೇ ಕ್ಯಾಸೆಟ್ಟುಗಳ ಬಗ್ಗೆ ನೆನಪಿನಿಂದ ಹೇಳಬಲ್ಲವರ ಸಂಖ್ಯೆ ಹೀಗೆ ಕಡಿಮೆಯಾಗುತ್ತಾ ಬಂತು. ಜೋಡಿಯ ಕ್ಯಾಸೆಟ್ಟನ್ನು ರೀಮಾಸ್ಟರ್ ಮಾಡಿ ತಂದ ಕೆಲಸವನ್ನು ಈ ಹಿನ್ನೆಲೆಯಲ್ಲೂ ನೋಡಬೇಕು.

ಈಗ ಸದ್ದಿನ ಮಾತು. ಇಂಥ ಟೇಪನ್ನು ಡಿಜಿಟಲ್‌ಗೆ ತರುವವರು ಮೊದಲು ಮಾಡಬೇಕಾದ ಕೆಲಸ ತೊಳೆಯುವುದಲ್ಲ, ಸರಿಯಾಗಿ ಓದುವುದು. ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ, ಅಂದರೆ ಡೆಕ್‌ನಲ್ಲಿ ಸದ್ದನ್ನು ಓದುವ ಭಾಗಕ್ಕೆ, ಒತ್ತುವ ಸಣ್ಣ ಪ್ಯಾಡ್ ಇರುತ್ತದೆ. ಹಳೆಯದರಲ್ಲಿ ಅದು ಉದುರಿಹೋಗಿರುತ್ತದೆ. ಆಗ ಟೇಪನ್ನು ಬಿಚ್ಚಿ ಹೊಸ ಡಬ್ಬಿಗೆ ಹಾಕಬೇಕು. ಆಮೇಲೆ ಹೆಡ್ಡಿನ ಓರೆ. ರೆಕಾರ್ಡ್ ಮಾಡಿದ ಡೆಕ್‌ನ ಹೆಡ್ ಯಾವ ಕೋನದಲ್ಲಿತ್ತೋ ಓದುವ ಹೆಡ್ಡೂ ಅದೇ ಕೋನಕ್ಕೆ ಬರಬೇಕು, ಇಲ್ಲದಿದ್ದರೆ ಮೇಲಿನ ಸ್ವರ ಎಲ್ಲ ಹೋಗುತ್ತದೆ. ಒಂದು ಸಣ್ಣ ತಿರುಪನ್ನು ಕಿವಿಯಿಂದ ಕೇಳುತ್ತಾ ತಿರುಗಿಸುವ ಕೆಲಸ ಅದು. ಇಂಟರ್‌ನೆಟ್ಟಿನಲ್ಲಿ ಓಡಾಡುವ ಎಷ್ಟೋ ಹಳೇ ಕ್ಯಾಸೆಟ್ ಕಡತಗಳು ಮಂಕಾಗಿರುವುದಕ್ಕೆ ಟೇಪಿನ ತಪ್ಪಿಗಿಂತ ಈ ತಿರುಪಿನ ತಪ್ಪು ಜಾಸ್ತಿ. ಅಷ್ಟು ಸರಿಮಾಡಿದರೇ ಅರ್ಧ ರೀಮಾಸ್ಟರ್ ಆದಂತೆ.

ವೇಗ ಸರಿಯಿದೆಯಾ ಅಂತ ಹೇಗೆ ತಿಳಿಯುವುದು? ಇದಕ್ಕೆ ಒಂದು ಸೊಗಸಾದ ಉಪಾಯ ಇದೆ. ಅಮೆರಿಕದ ವಿದ್ಯುತ್ 60 ಹರ್ಟ್ಸ್. ಮನೆ ಸ್ಟುಡಿಯೊದಲ್ಲಿ ಅದರ ಗುಂಯ್ ಸದ್ದು ಟೇಪಿಗೆ ಎಲ್ಲೋ ಒಂದು ಕಡೆ ಬಿದ್ದೇ ಬಿದ್ದಿರುತ್ತದೆ. ಕಂಪ್ಯೂಟರಿನಲ್ಲಿ ನೋಡಿದಾಗ ಅದು 61.8 ಹರ್ಟ್ಸ್‌ನಲ್ಲಿ ಕಂಡರೆ ಟೇಪು ನೂರಕ್ಕೆ 3ರಷ್ಟು ವೇಗವಾಗಿ ಓಡುತ್ತಿದೆ ಅಂತ ಅರ್ಥ. ಎಲ್ಲರೂ ಬೇಡ ಅನ್ನುವ ಗದ್ದಲವೇ ಇಲ್ಲಿ ಅಳತೆಗೋಲು. ಮೊದಲೇ ಗದ್ದಲ ತೆಗೆದುಬಿಟ್ಟರೆ ಈ ಸುಳಿವೂ ಹೋಯಿತು. ಆದ್ದರಿಂದ ಯಾವ ಸೋಸುವಿಕೆಯೂ ಇಲ್ಲದ ಒಂದು ನೇರ ಪ್ರತಿ ಮೊದಲು ತೆಗೆದಿಡಬೇಕು.

ಆಮೇಲೆ ಹಿಸ್. ಇದನ್ನು ಕಡಿಮೆ ಮಾಡುವ ಸಾಫ್ಟ್‌ವೇರ್ ಈಗ ಬೇಕಾದಷ್ಟಿದೆ. ತೊಂದರೆ ಏನೆಂದರೆ ಹಿಸ್ ಇರುವ ಜಾಗದಲ್ಲೇ ಹೈಹ್ಯಾಟ್ ಇದೆ, ‘ಸ’ಕಾರ ಇದೆ, ಹಾಡುಗಾರರ ಉಸಿರು ಇದೆ. ಜಾಸ್ತಿ ಒರೆಸಿದರೆ ಅವೂ ಹೋಗಿ, ನೀರೊಳಗಿನಿಂದ ಬಂದಂಥ ಒಂದು ಗುಳುಗುಳು ಉಳಿಯುತ್ತದೆ. ಮೇಲಾಗಿ ಈ ಪ್ರಕರಣದಲ್ಲಿ ಕೇಳುಗರ ಕಿವಿಯೇ ಬದಲಾಗಿತ್ತು. ಇಪ್ಪತ್ತು ವರ್ಷ ಕೆಟ್ಟ ನಕಲು ಕೇಳಿ ಬೆಳೆದವರಿಗೆ ಆ ಮಬ್ಬೇ ಭಯದ ವಾತಾವರಣ. ಫೋಂಕ್ ಮಾಡುವವರಂತೂ ಹಿಸ್ ಅನ್ನು ಬೇಕೆಂದೇ ಸೇರಿಸುತ್ತಾರೆ. ಇಂಥವರಿಗೆ ಸ್ಪಷ್ಟವಾದ ಪ್ರತಿ ಕೊಟ್ಟರೆ ‘ಏನೋ ಕಳೆದುಹೋಗಿದೆ’ ಅನ್ನುವುದು ಸಹಜ ಅಲ್ವಾ?

ಆದರೆ ನಾನು ಇಲ್ಲಿ ಸ್ವಲ್ಪ ಪಾಲ್ ಕಡೆ ವಾಲುತ್ತೇನೆ. 1994ರಲ್ಲಿ ಯಾರೂ ಹಿಸ್ ಬೇಕು ಅಂತ ಕ್ಯಾಸೆಟ್ ಮಾಡಲಿಲ್ಲ. ಕಾರಿನ ಡಿಕ್ಕಿ ಅದುರಬೇಕು ಅಂತ ಮಾಡಿದರು. ಆ ಬೇಸ್, ನಾಲ್ಕನೇ ನಕಲಿನ ಎಂಪಿತ್ರೀಯಲ್ಲಿ ಸತ್ತೇಹೋಗಿರುತ್ತದೆ. ಮಾಡಿದವರೇ ಬೇಸ್ ಅನ್ನು ಮತ್ತೆ ಎತ್ತಿ ನಿಲ್ಲಿಸಿದರೆ ಅದು ಮೂಲಕ್ಕೆ ದ್ರೋಹ ಅಂತ ಹೇಗೆ ಹೇಳುವುದು? ಮಬ್ಬನ್ನು ಪ್ರೀತಿಸಿದ್ದು ನಾವು, ಅವರಲ್ಲ. ಆದರೂ ಈಗಿನ ಹಾಡುಗಳಷ್ಟೇ ಜೋರಾಗಿರಬೇಕು ಅಂತ ಹಳೇ ಟೇಪನ್ನು ಹಿಂಡಿ ಸಪಾಟು ಮಾಡುವ ಚಾಳಿ ನನಗೆ ಹಿಡಿಸುವುದಿಲ್ಲ. ಮೆಂಫಿಸ್ ಸದ್ದಿಗೆ ಅದರ ಖಾಲಿ ಜಾಗವೂ ಮುಖ್ಯ. ಎಲ್ಲವನ್ನೂ ಮುಂದಕ್ಕೆ ತಂದು ನಿಲ್ಲಿಸಿದರೆ ಹೆದರಿಸಲು ಏನೂ ಉಳಿಯುವುದಿಲ್ಲ.

ಹಕ್ಕಿನ ಗಂಟು

ಮರುಬಿಡುಗಡೆಯ ಕಷ್ಟದ ಭಾಗ ಇದು. ಇಬ್ಬರೂ ಸೇರಿ ಮಾಡಿದ ಕೃತಿಗೆ ಅಮೆರಿಕದ ಕಾನೂನು ಬೇರೆ ಒಪ್ಪಂದ ಇಲ್ಲದಿದ್ದರೆ ಇಬ್ಬರನ್ನೂ ಜಂಟಿ ಒಡೆಯರು ಅಂತ ನೋಡುತ್ತದೆ. ಒಬ್ಬರು ಇನ್ನೊಬ್ಬರನ್ನು ಕೇಳದೆಯೂ ಸಾಮಾನ್ಯ ಪರವಾನಗಿ ಕೊಡಬಹುದು. ಆದರೆ ಬಂದ ಹಣದಲ್ಲಿ ಪಾಲು ಕೊಡಬೇಕು. ಒಬ್ಬರಿಗೇ ಮೀಸಲಾದ ಪರವಾನಗಿ ಕೊಡಬೇಕಾದರೆ ಇಬ್ಬರೂ ಒಪ್ಪಬೇಕು. ಒಬ್ಬರು ತೀರಿಕೊಂಡರೆ ಅವರ ಪಾಲು ವಾರಸುದಾರರಿಗೆ ಹೋಗುತ್ತದೆ. ಹಕ್ಕಿನ ಅವಧಿ ಲೆಕ್ಕ ಹಾಕುವುದು ಕೊನೆಗೆ ಉಳಿದವರ ಸಾವಿನಿಂದ, ಅಲ್ಲಿಂದ 70 ವರ್ಷ. ಅಂದರೆ ಇಂಥ ಕ್ಯಾಸೆಟ್ಟಿನ ಹಕ್ಕು ಕನಿಷ್ಠ ಈ ಶತಮಾನದ ಕೊನೆಯ ಹತ್ತಿರದವರೆಗಾದರೂ ಜೀವಂತ. ಸ್ನೇಹಿತರ ನಡುವೆ ಬಾಯಿಮಾತಿನಲ್ಲಿ ಮುಗಿದ ಪಾಲಿನ ಲೆಕ್ಕ, ಮೊಮ್ಮಕ್ಕಳ ಕಾಲಕ್ಕೆ ಕೋರ್ಟಿನ ಲೆಕ್ಕವಾಗಬಹುದು.

ಡಿಜಿಟಲ್ ಬಿಡುಗಡೆ ಇಲ್ಲಿ ಒಂದು ಉಪಕಾರ ಮಾಡುತ್ತದೆ. ಪ್ರತಿ ಹಾಡಿಗೂ ಐಎಸ್ಆರ್‌ಸಿ ಅನ್ನುವ ಗುರುತಿನ ಸಂಖ್ಯೆ ಬರುತ್ತದೆ. ಹಾಡುಗಾರರು ಯಾರು, ಹಣ ಯಾರಿಗೆ ಅನ್ನುವುದು ಬರಹದಲ್ಲಿ ಇರುತ್ತದೆ. ಡಿಜಿಟಲ್ ರೇಡಿಯೊ ಹಣ ಸಂಗ್ರಹಿಸುವ ಸೌಂಡ್‌ಎಕ್ಸ್‌ಚೇಂಜ್ ನೂರಕ್ಕೆ 50 ಭಾಗ ಧ್ವನಿಯ ಒಡೆಯರಿಗೆ, 45 ಭಾಗ ಮುಖ್ಯ ಕಲಾವಿದರಿಗೆ, 5 ಭಾಗ ಉಳಿದ ವಾದಕ-ಗಾಯಕರಿಗೆ ಹಂಚುತ್ತದೆ. ಕಲಾವಿದರ ಭಾಗ ಕಂಪನಿಯ ಕೈ ಸೇರದೆ ನೇರವಾಗಿ ಅವರಿಗೆ, ಅವರಿಲ್ಲದಿದ್ದರೆ ಅವರ ಮನೆಯವರಿಗೆ ಹೋಗುತ್ತದೆ. ಡಬ್ಬಿಯಲ್ಲಿದ್ದ ಕ್ಯಾಸೆಟ್‌ನಿಂದ, ಅನಾಮಿಕ ಎಂಪಿತ್ರೀಯಿಂದ ಇದು ಯಾವುದೂ ಸಾಧ್ಯವಿರಲಿಲ್ಲ.

ಇನ್ನೊಂದು ಉಪಕಾರ ಯೂಟ್ಯೂಬಿನ ಕಂಟೆಂಟ್ ಐಡಿ. ಒಡೆಯರು ಮೂಲ ಕಡತ ಕೊಟ್ಟರೆ ಬೇರೆಯವರು ಹಾಕಿದ ನಕಲುಗಳನ್ನು ಯಂತ್ರವೇ ಪತ್ತೆ ಹಚ್ಚುತ್ತದೆ. ಅಳಿಸಬೇಕೋ, ಜಾಹೀರಾತಿನ ಹಣ ತಮಗೆ ಬರಬೇಕೋ ಅವರೇ ನಿರ್ಧರಿಸಬಹುದು. ಆದರೆ ಒಂದು ಷರತ್ತು ಇದೆ. ಕೊಟ್ಟ ಕಡತದ ಮೇಲೆ ಪೂರ್ತಿ ಹಕ್ಕು ಇರಬೇಕು. ಬೇರೆಯವರ ಸ್ಯಾಂಪಲ್ ಇರುವ ಹಾಡಿಗೆ ಇದು ಗೋಜಲು.

ಸ್ಯಾಂಪಲ್ ವಿಷಯದಲ್ಲಿ ಮೆಂಫಿಸ್‌ನವರ ದುರದೃಷ್ಟ ಸ್ವಲ್ಪ ಜಾಸ್ತಿಯೇ. ಮೆಂಫಿಸ್ ಇರುವ ಟೆನೆಸ್ಸಿ ರಾಜ್ಯ ಬರುವುದು ಅಮೆರಿಕದ ಆರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಕೆಳಗೆ. 2005ರಲ್ಲಿ ಬ್ರಿಜ್‌ಪೋರ್ಟ್ ಮ್ಯೂಸಿಕ್ ಪ್ರಕರಣದಲ್ಲಿ ಇದೇ ನ್ಯಾಯಾಲಯ ಬಹಳ ಬಿಗಿಯಾದ ತೀರ್ಪು ಕೊಟ್ಟಿತು: ಬೇರೆಯವರ ಧ್ವನಿಮುದ್ರಣದಿಂದ ಎಷ್ಟೇ ಚಿಕ್ಕ ತುಣುಕು ತೆಗೆದರೂ ಪರವಾನಗಿ ಬೇಕು. ಆ ಮೊಕದ್ದಮೆ ಶುರುವಾದದ್ದೂ ಟೆನೆಸ್ಸಿಯ ಕೋರ್ಟಿನಲ್ಲೇ. 2016ರಲ್ಲಿ ಕ್ಯಾಲಿಫೋರ್ನಿಯಾ ಕಡೆಯ ಒಂಬತ್ತನೇ ಸರ್ಕ್ಯೂಟ್ ಇದನ್ನು ಒಪ್ಪಲಿಲ್ಲ. ಗುರುತು ಹತ್ತದಷ್ಟು ಸಣ್ಣ ತುಣುಕಿಗೆ ವಿನಾಯಿತಿ ಇದೆ ಅಂತು. ಒಂದೇ ದೇಶ, ಎರಡು ನಿಯಮ. ಮೆಂಫಿಸ್‌ಗೆ ಸಿಕ್ಕಿದ್ದು ಕಟ್ಟುನಿಟ್ಟಿನದು.

ಹೀಗಾಗಿ ಹಳೇ ಕ್ಯಾಸೆಟ್ ಮತ್ತೆ ತರುವವರ ಮುಂದೆ ಮೂರೇ ದಾರಿ. ಹಣ ಕೊಟ್ಟು ಅನುಮತಿ ಪಡೆಯುವುದು, ಆ ತುಣುಕನ್ನು ಹೊಸದಾಗಿ ನುಡಿಸಿ ಸೇರಿಸುವುದು, ಇಲ್ಲವೇ ಆ ಹಾಡನ್ನೇ ಕೈಬಿಡುವುದು. ಹಲವರು ಹಿಡಿಯುವ ನಾಲ್ಕನೇ ದಾರಿಯೂ ಇದೆ: ಏನೂ ಮಾಡದೆ ಬಿಡುಗಡೆ ಮಾಡಿ, ಯಾರೂ ಕೇಳದಿರಲಿ ಅಂತ ಆಶಿಸುವುದು. ತಮ್ಮ ಧ್ವನಿ ಕದ್ದರು ಅಂತ ದಾವೆ ಹೂಡುವ ಯೋಚನೆ ಇರುವವರಿಗೆ ಈ ನಾಲ್ಕನೆಯದು ತೀರಾ ಅಪಾಯ. ಎದುರು ಪಕ್ಷದ ವಕೀಲರು ಮೊದಲು ಕೈಹಾಕುವುದೇ ಅಲ್ಲಿಗೆ.

ರೀಮಾಸ್ಟರ್ ಮಾಡಿದರೆ ಹೊಸ ಕಾಪಿರೈಟ್ ಹುಟ್ಟುತ್ತದೆ ಅಂತಲೂ ಕೆಲವರು ನಂಬಿದ್ದಾರೆ. 2018ರಲ್ಲಿ ಒಂಬತ್ತನೇ ಸರ್ಕ್ಯೂಟ್, ಬರೀ ರೀಮಾಸ್ಟರ್ ಮಾಡಿದ ಮಾತ್ರಕ್ಕೆ ಹೊಸ ಹಕ್ಕು ಬರುವುದಿಲ್ಲ ಅಂದಿತು. ಹಾಗಾದರೆ ಕೈಗೆ ಬರುವುದೇನು? ನೋಂದಣಿಯ ಅವಕಾಶ. ಅಮೆರಿಕದಲ್ಲಿ ತಯಾರಾದ ಕೃತಿಯ ಬಗ್ಗೆ ಅಲ್ಲಿ ದಾವೆ ಹೂಡಬೇಕಾದರೆ ಕಾಪಿರೈಟ್ ಕಚೇರಿಯ ನೋಂದಣಿ ಮುಗಿದಿರಬೇಕು. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ನೋಂದಣಿಗೆ ಮೊದಲು ಶುರುವಾದ ಕಳ್ಳತನಕ್ಕೆ, ಕಾನೂನೇ ನಿಗದಿ ಮಾಡಿದ ಪರಿಹಾರವಾಗಲಿ ವಕೀಲರ ಖರ್ಚಾಗಲಿ ಸಾಮಾನ್ಯವಾಗಿ ಸಿಗುವುದಿಲ್ಲ. ನಿಜವಾದ ನಷ್ಟವನ್ನು ಸಾಬೀತು ಮಾಡಬೇಕು. ಲೆಕ್ಕವೇ ಇಡದೆ ಮಾರಿದ ಕ್ಯಾಸೆಟ್ಟಿಗೆ ನಷ್ಟ ತೋರಿಸುವುದು ಸುಲಭವಾ? ಇಪ್ಪತ್ತು ವರ್ಷ ಸುಮ್ಮನಿದ್ದದ್ದಕ್ಕೆ ತೆರಬೇಕಾದ ಬೆಲೆ ಇಲ್ಲಿದೆ.

ನನ್ನ ಎಣಿಕೆ

ಈ ಮರುಬಿಡುಗಡೆ ಆಗಬೇಕಿತ್ತು, ಹತ್ತು ವರ್ಷ ಮೊದಲೇ ಆಗಿದ್ದರೆ ಇನ್ನೂ ಚೆನ್ನಾಗಿತ್ತು. ಸದ್ದಿನ ಬಗ್ಗೆ ತಕರಾರು ಇದ್ದೇ ಇರುತ್ತದೆ. ಅದಕ್ಕೆ ಸರಳ ಉತ್ತರ ಇದೆ: ಸೋಸದ ನೇರ ಪ್ರತಿಯನ್ನೂ ಜೊತೆಗೆ ಕೊಟ್ಟುಬಿಡುವುದು. ಎ ಬದಿ ಒಂದು ಕಡತ, ಬಿ ಬದಿ ಒಂದು ಕಡತ, ಯಾವ ಪ್ರತಿಯಿಂದ ತೆಗೆದದ್ದು ಅಂತ ಎರಡು ಸಾಲು. ಖರ್ಚು ಹೆಚ್ಚೇನೂ ಇಲ್ಲ. ಕೇಳುಗರು ತಮಗೆ ಬೇಕಾದ್ದು ಆರಿಸಿಕೊಳ್ಳುತ್ತಾರೆ, ಸಂಶೋಧನೆ ಮಾಡುವವರಿಗೂ ದಾರಿ ಸಿಗುತ್ತದೆ. ಟ್ರ್ಯಾಕುಗಳಾಗಿ ತುಂಡು ಮಾಡಿದಾಗ ಹಾಡಿನ ನಡುವಿನ ಮಾತು ಎಲ್ಲಿಗೆ ಸೇರಬೇಕು ಅನ್ನುವ ಜಗಳವೂ ಇರುವುದಿಲ್ಲ.

ಹೊಸ ಹುಡುಗರು ಸ್ಯಾಂಪಲ್‌ಗೆ ತೊಳೆದ ಪ್ರತಿಯನ್ನು ಎತ್ತಿಕೊಳ್ಳುತ್ತಾರೆ ಅಂತ ನನಗೇನೂ ನಂಬಿಕೆಯಿಲ್ಲ. ಅವರಿಗೆ ಬೇಕಾಗಿರುವುದು ಆ ಹಿಸ್ಸೇ. ಹಳೇ ನಾಲ್ಕನೇ ನಕಲಿನಿಂದಲೇ ಲಾರ್ಡ್ ಇನ್‌ಫೇಮಸ್ ಅವರ ಸಾಲೊಂದನ್ನು ಕತ್ತರಿಸುತ್ತಾರೆ, ಮೇಲೆ ಕೌಬೆಲ್ ಹಾಕುತ್ತಾರೆ. ಆದರೆ ಆ ಹಾಡು ಓಡತೊಡಗಿದ ದಿನ ಅವರ ಹಂಚಿಕೆದಾರರಿಗೆ ಒಂದು ಪತ್ರ ಬರಬಹುದು. ಅದರಲ್ಲಿ ಇಬ್ಬರ ಹೆಸರೂ, ಹಾಡಿನ ಸಂಖ್ಯೆಯೂ ಇರುತ್ತದೆ.